ಎರಡು ಬಿಲ್ ಕಟ್ಟಿದ ಮಾತ್ರಕ್ಕೆ ಎರಡು ದಾರಿ ಆಗದು

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿಯುತ್ತಿದ್ದಂತೆ ಮಲೆನಾಡಿನ ಸಹಕಾರ ಸಂಘಗಳಲ್ಲಿ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಮಾಮೂಲಾಗುತ್ತದೆ. ನಿಜವಾಗಿ ನೋಡಿದರೆ ಸರ್ವರ್ ಬಹುತೇಕ ಸಂದರ್ಭಗಳಲ್ಲಿ ಇದ್ದೇ ಇರುತ್ತದೆ. ಅದನ್ನು ತಲುಪುವ ದಾರಿ ಎಲ್ಲೋ ಕಡಿದಿರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಲೈನುಗಳನ್ನು ನೋಡಿಕೊಳ್ಳುವವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ದೇಶದ 63,000 ಇಂಥ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಅದು ಒಳ್ಳೆಯ ಕೆಲಸ. ಆದರೆ ಲೆಡ್ಜರ್ ಪುಸ್ತಕಕ್ಕೆ ಲೈನ್ ಬೇಕಿರಲಿಲ್ಲ. ಈಗ ಸಾಲದ ಖಾತೆ ತೆರೆಯಲೂ ಬೇಕು, ರೈತರ ಬೆರಳಚ್ಚು ಪಡೆದು ಯೂರಿಯಾ ಕೊಡಲೂ ಬೇಕು. ಗದ್ದೆಗೆ ಗೊಬ್ಬರ ಬೇಕಾಗುವ ದಿನಗಳೂ ಧರೆ ಕುಸಿದು, ಮರ ಬಿದ್ದು ಕೇಬಲ್ ಹರಿಯುವ ದಿನಗಳೂ ನಮ್ಮಲ್ಲಿ ಒಂದೇ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇರುವುದು ಇದೇ ತಾಲ್ಲೂಕಿನಲ್ಲಿ.

ಈ ಕಾರಣಕ್ಕೆ ನಮ್ಮ ಆಡಳಿತ ಮಂಡಳಿ ಎರಡು ಬೇರೆ ಕಂಪನಿಗಳಿಂದ ಫೈಬರ್ ಸಂಪರ್ಕ ಪಡೆದಿತ್ತು. ಕಳೆದ ಆಷಾಢದಲ್ಲಿ ರಸ್ತೆ ಬದಿ ಪೈಪ್ ಹಾಕಲು ಅಗೆಯುತ್ತಿದ್ದ ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕಡಿಯಿತು, ಏಕೆಂದರೆ ಎರಡೂ ಕೇಬಲ್‌ಗಳು ನೆಲದಡಿ ತೋಡಿದ ಒಂದೇ ಕಾಲುವೆಯಲ್ಲಿ ಹಾದುಹೋಗಿದ್ದವು. ಮೊಬೈಲ್ ಸಿಮ್ ಹಾಕಿ ನೋಡಿದರೆ ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದರೂ ಒಂದು ಪುಟವೂ ತೆರೆಯಲಿಲ್ಲ. ಆ ಟವರ್‌ಗೆ ಬರುತ್ತಿದ್ದ ಫೈಬರ್ ಕೂಡ ಅದೇ ಕಾಲುವೆಯದು. ಮೂರು ದಿನ ರೈತರು ಕೊಡೆ ಹಿಡಿದು ಬಂದು ಬರಿಗೈಯಲ್ಲಿ ಹಿಂತಿರುಗಿದರು. ಹತ್ತು ಕಿಲೋಮೀಟರ್ ನಡೆದೂ ಜೀಪು ಹತ್ತಿಯೂ ಬಂದಿದ್ದ ವಯಸ್ಸಾದವರ ಮುಖ ನೋಡಿ ‘ನಾಳೆ ಬನ್ನಿ’ ಎನ್ನುವುದು ಎಷ್ಟು ಕಷ್ಟವೆಂಬುದು ಕೌಂಟರಿನಲ್ಲಿ ಕೂತವರಿಗಷ್ಟೇ ಗೊತ್ತು.

ಆಮೇಲೆ ನಾವು ಕಂಪನಿಯ ಹೆಸರು ಕೇಳುವುದನ್ನು ಬಿಟ್ಟು, ಲೈನ್ ಯಾವ ಹಾದಿಯಲ್ಲಿ ಬರುತ್ತದೆ ಎಂದು ಕೇಳತೊಡಗಿದೆವು. ಈಗ ಒಂದು ಫೈಬರ್ ಉಳಿಸಿಕೊಂಡು, ಎದುರು ಗುಡ್ಡದ ಮೇಲಿರುವ, ಕೇಬಲ್ ಬದಲು ಮೈಕ್ರೋವೇವ್ ಎಂಬ ರೇಡಿಯೊ ತರಂಗಗಳ ಮೂಲಕ ಸಂಪರ್ಕ ಪಡೆಯುವ ಟವರಿನ ಕಡೆಗೆ ಮಾಡಿನ ಮೇಲೆ ಆಂಟೆನಾ ತಿರುಗಿಸಿದ್ದೇವೆ. ಎರಡನ್ನೂ ಲೈನನ್ನು ಆಯ್ದು ಕಂಪ್ಯೂಟರುಗಳಿಗೆ ಹಂಚುವ ಒಂದೇ ರೂಟರಿಗೆ ಜೋಡಿಸಿದೆ. ಇಲ್ಲಿಯೂ ಒಂದು ಪಾಠ ಕಲಿಯಬೇಕಾಯಿತು: ಫೈಬರ್ ದೂರದಲ್ಲಿ ಕಡಿದಾಗಲೂ ನಮ್ಮ ಮೋಡೆಮ್‌ನ ದೀಪ ಹಸಿರಾಗಿಯೇ ಇರುವುದರಿಂದ, ಮೋಡೆಮ್ ಜೀವಂತವಿದೆಯೇ ಎಂದಷ್ಟೇ ನೋಡುವ ರೂಟರ್ ಪರ್ಯಾಯ ಲೈನಿಗೆ ಬದಲಾಗುವುದೇ ಇಲ್ಲ. ಹೊರಗಿನ ದೂರದ ಇಂಟರ್‌ನೆಟ್ ವಿಳಾಸವೊಂದನ್ನು ಕೆಲವು ಸೆಕೆಂಡುಗಳಿಗೊಮ್ಮೆ ವಿಚಾರಿಸುವಂತೆ ಅದನ್ನು ಹೊಂದಿಸಬೇಕು. ಆಂಟೆನಾ ಬಳಸುವ ಸಿಮ್‌ನ ಡೇಟಾವನ್ನು ಸಿಸಿಟಿವಿ ಮತ್ತು ವಿಂಡೋಸ್ ಅಪ್‌ಡೇಟ್‌ಗಳು ಒಂದು ಗಂಟೆಯಲ್ಲೇ ನುಂಗದಂತೆ ತಡೆಯಬೇಕು. ಮೋಡೆಮ್ ಮತ್ತು ರೂಟರ್‌ಗಳೆರಡಕ್ಕೂ ಯುಪಿಎಸ್ ಬೇಕು. ತಿಂಗಳಿಗೊಮ್ಮೆ, ವ್ಯವಹಾರ ನಡೆಯುತ್ತಿರುವಾಗಲೇ, ಫೈಬರ್ ತಂತಿಯನ್ನು ನಾನೇ ಕಿತ್ತು ನೋಡುತ್ತೇನೆ. ಮೊದಲ ಸಲ ಕಿತ್ತಾಗ ಸಿಮ್‌ನ ರೀಚಾರ್ಜ್ ಮುಗಿದಿತ್ತು.

ಉಪಗ್ರಹ ಸಂಪರ್ಕವನ್ನು ಕೆಲವರು ಸೂಚಿಸುತ್ತಾರೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ ಬರುವ ಸಂದೇಶಕ್ಕೆ ಅರ್ಧ ಸೆಕೆಂಡ್ ಹಿಡಿದರೂ ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಜಡಿಮಳೆಯಲ್ಲಿ ಅದರ ಸಿಗ್ನಲ್ ಕುಗ್ಗುತ್ತದೆ ಎಂಬುದೇ ನನ್ನ ಹಿಂಜರಿಕೆ.

2023ರ ಆಗಸ್ಟ್‌ನಲ್ಲಿ ಮಂಜೂರಾದ, ಹಳ್ಳಿಗಳಿಗೆ ಫೈಬರ್ ಇಂಟರ್‌ನೆಟ್ ಒಯ್ಯುವ ಪರಿಷ್ಕೃತ ಭಾರತ್‌ನೆಟ್ ಯೋಜನೆಯು ಗ್ರಾಮ ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸುವ ಕ್ರಮವನ್ನು ಒಪ್ಪಿಕೊಂಡಿದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಸಿಗಲಿ ಎಂಬುದೇ ಅದರ ಉದ್ದೇಶ. ಅಗೆಯುವ ಮುನ್ನ ಕೇಬಲ್ ಮಾಲೀಕರಿಗೆ ತಿಳಿಸಲೆಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಕೂಡ 2023ರ ಮಾರ್ಚ್‌ನಿಂದ ಇದೆ. ನಮ್ಮ ರಸ್ತೆಯಲ್ಲಿ ಅಗೆದ ಗುತ್ತಿಗೆದಾರರ ಮೇಸ್ತ್ರಿಗೆ ಅದರ ಹೆಸರೇ ಗೊತ್ತಿರಲಿಲ್ಲ.

ಆದ್ದರಿಂದ ಸಹಕಾರ ಇಲಾಖೆಯು ಮಲೆನಾಡಿನ ಸಂಘಗಳಿಗೆ ಪರ್ಯಾಯ ಸಂಪರ್ಕದ ವೆಚ್ಚವನ್ನು ಪ್ರತ್ಯೇಕವಾಗಿ ಒದಗಿಸಬೇಕು, ಮತ್ತು ಎರಡನೆಯ ಲೈನ್ ಮೊದಲನೆಯದರ ಹಾದಿಯಲ್ಲಿ ಬರುವುದಿಲ್ಲವೆಂದು ಸೇವೆ ನೀಡುವ ಕಂಪನಿಯಿಂದ ಲಿಖಿತವಾಗಿ ಪಡೆದ ಬಳಿಕವೇ ಹಣ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಇದು ಮುಂದಿನ ಮಳೆಗಾಲಕ್ಕೆ ಮೊದಲೇ ಆಗಬೇಕು.

– ಸಹಕಾರ ಸಂಘವೊಂದರ ಸಿಬ್ಬಂದಿ, ತೀರ್ಥಹಳ್ಳಿ ತಾಲ್ಲೂಕು