ಅದು 350 ಅಲ್ಲ ಕಣೋ

ಸೀನ,

ಮೊನ್ನೆ ಹಳೇ ಫೋಟೋ ಡಬ್ಬ ಬಿಚ್ಚಿದ್ದೆ. ನಮ್ಮ 1970ರ ಶೆವರ್ಲೆ ಕಾರಿಗೆ, ಅದೇ ಶೆವೆಲ್ ಮಾಲಿಬುಗೆ, ಎಂಜಿನ್ ಕೂರಿಸುವ ಹಿಂದಿನ ದಿನದ್ದೊಂದು ಫೋಟೋ ಸಿಕ್ಕಿತು. ಎಂಜಿನ್ ಸರಪಳಿಯಲ್ಲಿ ನೇತಾಡುತ್ತಿದೆ, ಪಕ್ಕದಲ್ಲಿ ನೀನು ಹಲ್ಲು ಕಿರಿದು ನಿಂತಿದ್ದೀಯ. ಬ್ಲಾಕಿನ ಮಗ್ಗುಲಲ್ಲಿ ನೀರಿನ ದಾರಿ ಮುಚ್ಚುವ ದುಂಡನೆ ಬಿಲ್ಲೆಗಳಿರುತ್ತವಲ್ಲ, ಫ್ರೀಜ್ ಪ್ಲಗ್, ಅವು ಮೂರಿವೆ. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದೆ. ಮೂರೇ.

ನಾವು 350 ಘನ ಇಂಚಿನ ಎಂಜಿನ್ ಅಂತ ನಂಬಿ ಕೂರಿಸಿದ್ದೆವಲ್ಲ, ಆ 350ಕ್ಕೆ ಒಂದು ಬದಿಗೆ ಎರಡೇ ಇರೋದು. ಮೂರಿದ್ದರೆ ಅದು 400.

1998ರ ಚಳಿಗಾಲ, ಡೆಟ್ರಾಯಿಟ್ ಪಕ್ಕದ ಫರ್ನ್‌ಡೇಲ್‌ನ ಆ ಬಾಡಿಗೆ ಗ್ಯಾರೇಜು ನೆನಪಿದೆಯಾ? ಸ್ಪ್ಯಾನರ್ ಮುಟ್ಟಿದರೆ ಬೆರಳು ಅಂಟಿಕೊಳ್ಳುವಷ್ಟು ಚಳಿ. ಹಳೇ ಆರು ಸಿಲಿಂಡರಿನ 250 ಇಳಿಸಿದ್ದು ಅರ್ಧ ದಿನದ ಕೆಲಸ. ಶೆವರ್ಲೆಯವರ ಆ ಸಿಕ್ಸಿಗೂ 350, 400ರಂಥ ಎಂಟು ಸಿಲಿಂಡರಿನ ಸ್ಮಾಲ್ ಬ್ಲಾಕ್ ವಿ8ಗೂ ಗೇರ್‌ಬಾಕ್ಸ್ ಕೂರುವ ಬೋಲ್ಟಿನ ತೂತುಗಳು ಒಂದೇ, ಫ್ರೇಮಿನ ಮೌಂಟ್ ಬದಲಾಯಿಸಿದರೆ ಆಯಿತು. ಅದಕ್ಕೇ ಅಲ್ವಾ ನಮ್ಮಂಥವರೂ ಧೈರ್ಯ ಮಾಡಿದ್ದು! ನೀನು ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸೋ ಟಾರ್ಕ್ ಕನ್ವರ್ಟರ್ ತಿರುಗಿಸುತ್ತಾ ಕಿವಿಗೊಟ್ಟು ಕೂತಿದ್ದೆ. ಟಕ್. ಟಕ್. ಮೂರನೇ ಟಕ್ ಬರೋವರೆಗೂ ನನಗೆ ಬೋಲ್ಟ್ ಮುಟ್ಟಲು ಬಿಡಲಿಲ್ಲ. ಪೂರ್ತಿ ಒಳಗೆ ಕೂರದೆ ಬಿಗಿದರೆ ಗೇರ್‌ಬಾಕ್ಸಿನ ಪಂಪು ಒಡೆಯುತ್ತೆ ಅಂತ ಬೈದಿದ್ದೆ. ಆಮೇಲೆ ಪ್ಲಗ್ ವೈರ್ ಹಾಕುವಾಗ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿಯನ್ನ 1-8-4-3-6-5-7-2 ಅಂತ ಮಗ್ಗಿ ಒಪ್ಪಿಸಿದ್ದೂ ನೀನೇ.

ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಆದರೆ ಆ ನಡುಕ! ವೇಗ 60 ಮೈಲಿ ದಾಟಿದರೆ ಕನ್ನಡಿಯಲ್ಲಿ ಹಿಂದಿನ ಕಾರು ಎರಡೆರಡಾಗಿ ಕಾಣುತ್ತಿತ್ತು. ನಾನು ಕಾರ್ಬ್ಯುರೇಟರ್ ಅಂದೆ, ನೀನು ಎಂಜಿನ್ ಹಿಂದೆ ಗೇರ್‌ಬಾಕ್ಸಿನ ಕಡೆ ಕೂರೋ ಹಲ್ಲಿನ ತಟ್ಟೆ, ಫ್ಲೆಕ್ಸ್‌ಪ್ಲೇಟ್ ಅಂದೆ. ಕಾರ್ಬ್ಯುರೇಟರ್ ಹೊಸದು ತಂದೆವು. ಡಿಸ್ಟ್ರಿಬ್ಯೂಟರ್, ಮೌಂಟಿನ ರಬ್ಬರು, ಎಲ್ಲ ಬದಲಾಯಿಸಿದೆವು. ಗೇರ್‌ಬಾಕ್ಸ್ ಮತ್ತೆ ಬಿಚ್ಚೋ ಸೋಮಾರಿತನಕ್ಕೆ ನಿನ್ನ ಮಾತನ್ನು ನಾನು ತಳ್ಳಿಹಾಕಿದೆ, ಇನ್ನೇನೂ ಅಲ್ಲ.

ಈಗ ನೋಡು. 400ರ ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯೋ ದೂರ, ಜಾಸ್ತಿ, 3.75 ಇಂಚು. 350ರದ್ದು 3.48. ಪಿಸ್ಟನ್‌ಗಳು ತಿರುಗಿಸೋ ದಂಡ ಇದೆಯಲ್ಲ, ಕ್ರ್ಯಾಂಕು, ಒಳಗೆ ಅದಕ್ಕೆ ಸಮತೋಲಕ್ಕೆ ಸಾಕಷ್ಟು ತೂಕ ಕಟ್ಟಲು ಜಾಗ ಸಾಲದೆ ಮುಂದಿನ ಬ್ಯಾಲೆನ್ಸರಿಗೂ ಹಿಂದಿನ ಫ್ಲೆಕ್ಸ್‌ಪ್ಲೇಟಿಗೂ ಭಾರ ಸೇರಿಸಿರುತ್ತಾರೆ. ಮುಂದಿನದು ಎಂಜಿನ್ ಜೊತೆಗೇ ಬಂದಿತ್ತು. ಹಿಂದಿನದರ ಹಲ್ಲು ಸವೆದಿದೆ ಅಂತ ಗುಜರಿಗೆ ಎಸೆದು ಹೊಸದು ತಂದವನು ನಾನು. ಡಬ್ಬದ ಮೇಲೆ 350 ಅಂತ ದಪ್ಪಗೆ ಬರೆದಿತ್ತು. ಎಂಜಿನ್ ಮಾರಿದವನೂ 350 ಅಂದಿದ್ದ, ಹೊರಗಿಂದ ಎರಡೂ ಅಣ್ಣತಮ್ಮಂದಿರ ಹಾಗೇ ಇರುತ್ತವೆ. ಒಂದು ಕಡೆ ಭಾರ, ಇನ್ನೊಂದು ಕಡೆ ಬೋಳು. ನಡುಗದೆ ಇನ್ನೇನು?

ಆ ಆಗಸ್ಟಿನಲ್ಲಿ ಹಳೇ ಕಾರುಗಳ ಮೆರವಣಿಗೆಗೆ, ವುಡ್‌ವರ್ಡ್ ಡ್ರೀಮ್ ಕ್ರೂಸಿಗೆ, ಮಾತ್ರ ರಾಜನ ಹಾಗೆ ಹೋದೆವು. ಅಲ್ಲಿ ಸಾಲುಗಟ್ಟಿ ಆಮೆಯ ಹಾಗೆ ಹೋಗೋದು ತಾನೇ, ನಡುಕ ಯಾರಿಗೆ ಗೊತ್ತಾಗಬೇಕು. ನಿಂತಲ್ಲೇ ಗುಡುಗುತ್ತಿದ್ದುದನ್ನು ಕೇಳಿ ಒಬ್ಬ ಮುದುಕ ಟೋಪಿ ಎತ್ತಿದ್ದ.

ಕಾರ್ಬ್ಯುರೇಟರಿಗೆ ನೀನು ಹಾಕಿದ ಅರ್ಧ ದುಡ್ಡು ನಾನು ಬಾಕಿ. ಡಿಸೆಂಬರಿನಲ್ಲಿ ಮೈಸೂರಿಗೆ ಬರ್ತೀನಿ, ಮಸಾಲೆ ದೋಸೆಯಲ್ಲಿ ವಸೂಲಿ ಮಾಡಿಕೋ. ಕಾರು ಕೊಂಡ ಹುಡುಗನಿಗೆ ವಿಷಯ ತಿಳಿಸೋಣ ಅಂದರೆ ನಂಬರ್ ಎಲ್ಲೋ ಕಳೆದುಹೋಗಿದೆ. ಪಾಪ, ಅವನು ಇಷ್ಟು ಹೊತ್ತಿಗೆ ಎಷ್ಟು ಕಾರ್ಬ್ಯುರೇಟರ್ ಬದಲಾಯಿಸಿದ್ದಾನೋ.

ನಿನ್ನ,
ರಘು