ಎಡಿಟಿಂಗ್ ತಂಡಕ್ಕೆ: ಹೊಸ ಸ್ಟೋರೇಜ್ ಬಗ್ಗೆ, ಶುಕ್ರವಾರದೊಳಗೆ ಉತ್ತರ ಬೇಕು

ಎಲ್ಲರಿಗೂ ನಮಸ್ಕಾರ. ಹಾರ್ಡ್ ಡಿಸ್ಕ್ ಹಿಡಿದು ಟೇಬಲ್‌ನಿಂದ ಟೇಬಲ್‌ಗೆ ಓಡಾಡೋದು ಸಾಕು. ಹೋದ ವಾರ ಒಂದೇ ಪ್ರಾಜೆಕ್ಟಿನ ಮೂರು ಕಾಪಿ ಆಗಿ, ಯಾವುದು ಫೈನಲ್ ಅಂತ ಯಾರಿಗೂ ಗೊತ್ತಾಗಲಿಲ್ಲ, ನೆನಪಿದೆ ಅಲ್ವಾ?

ಹಾಗಾಗಿ ನಾಲ್ವರು ಎಡಿಟರ್‌ಗಳಿಗೂ ಸೇರಿ ಒಂದು ನ್ಯಾಸ್ (ನೆಟ್‌ವರ್ಕ್ ಮೂಲಕ ಎಲ್ಲರೂ ಒಟ್ಟಿಗೆ ಬಳಸೋ ಸ್ಟೋರೇಜ್ ಬಾಕ್ಸ್) ತಗೊಳ್ಳೋಣ. ಡಿಸ್ಕ್ ಎಷ್ಟು ಟಿಬಿ ಅನ್ನೋದಕ್ಕಿಂತ ನೆಟ್‌ವರ್ಕ್ ವೇಗ ಮುಖ್ಯ. ಮಾಮೂಲಿ 1 ಗಿಗಾಬಿಟ್ ಲೈನಿನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಿಗುತ್ತದೆ. ನಮ್ಮ 4ಕೆ ಪ್ರೋರೆಸ್ 422 ಎಚ್‌ಕ್ಯೂ (ಎಡಿಟಿಂಗ್‌ಗೆ ಬಳಸೋ ದೊಡ್ಡ ಸೈಜಿನ ವಿಡಿಯೋ ಫಾರ್ಮ್ಯಾಟ್) ಫೂಟೇಜ್ ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಒಂದೇ ಸ್ಟ್ರೀಮಿಗೆ ಸೆಕೆಂಡಿಗೆ 90 ಎಂಬಿ ಹತ್ತಿರ ತಿನ್ನುತ್ತದೆ, ಅಂದರೆ ಇಬ್ಬರು ಒಟ್ಟಿಗೆ ಪ್ಲೇ ಮಾಡಿದರೆ ತಡವರಿಸುವುದು ಗ್ಯಾರಂಟಿ. 10 ಗಿಗಾಬಿಟ್ ಬೇಕೇ ಬೇಕು. ಆದರೆ ಅದು ನ್ಯಾಸ್ ಬಾಕ್ಸ್‌ನಲ್ಲಿ ಮಾತ್ರ ಇದ್ದರೆ ಸುಮ್ನೆ ದಂಡ, ಎಲ್ಲ ಕೇಬಲ್ ಸೇರೋ ನೆಟ್‌ವರ್ಕ್ ಸ್ವಿಚ್‌ನಲ್ಲೂ ನಿಮ್ಮ ಕಂಪ್ಯೂಟರ್‌ನಲ್ಲೂ ಇರಬೇಕು. ವೈಫೈನಲ್ಲಿ ಎಡಿಟ್ ಮಾಡ್ತೀನಿ ಅನ್ನೋರು ಪ್ರಾಕ್ಸಿ ಫೈಲ್ (ಅದೇ ಫೂಟೇಜಿನ ಹಗುರವಾದ ಚಿಕ್ಕ ಕಾಪಿ) ಮಾಡಿಕೊಳ್ಳಿ.

8 ಟಿಬಿಯ ನಾಲ್ಕು ಡಿಸ್ಕ್ ರೇಡ್ 5ರಲ್ಲಿ (ಒಂದು ಡಿಸ್ಕಿನಷ್ಟು ಜಾಗ ರಕ್ಷಣೆಗೆ ಬಿಟ್ಟು, ಎಲ್ಲ ಡಿಸ್ಕ್ ಒಂದಾಗಿ ಜೋಡಿಸೋ ವಿಧಾನ) ಹಾಕಿದರೆ 24 ಟಿಬಿ ಸಿಗುತ್ತದೆ, ಒಂದು ಡಿಸ್ಕ್ ಕೆಟ್ಟರೂ ಕೆಲಸ ನಡೆಯುತ್ತದೆ. ಇದು ಬ್ಯಾಕಪ್ ಅಲ್ಲ! ತಪ್ಪಿ ಡಿಲೀಟ್ ಮಾಡಿದರೆ ರೇಡ್ ಏನೂ ಮಾಡಲ್ಲ. ಬ್ಯಾಕಪ್‌ಗೆ ಬೇರೆ ಡಿಸ್ಕ್ ಇಡೋಣ, ಅದು ಆಫೀಸಿನ ಹೊರಗಿರಲಿ.

ಶುಕ್ರವಾರ ಸಂಜೆಯೊಳಗೆ ಪ್ರತಿಯೊಬ್ಬರೂ ಇಲ್ಲೇ ಬರೆಯಿರಿ: ನಿಮ್ಮ ಕಂಪ್ಯೂಟರ್‌ನ ನೆಟ್‌ವರ್ಕ್ ಪೋರ್ಟ್ ಯಾವುದು, ತಿಂಗಳಿಗೆ ಎಷ್ಟು ಟಿಬಿ ಫೂಟೇಜ್ ಬರುತ್ತದೆ, ಮುಗಿದ ಪ್ರಾಜೆಕ್ಟ್ ಎಷ್ಟು ದಿನ ಇಟ್ಟುಕೊಳ್ಳಬೇಕು. ಬರೀ ಥಂಬ್ಸ್ ಅಪ್ ಹಾಕಬೇಡಿ ಮಾರಾಯ್ರೆ, ಅಂಕಿ ಬೇಕು. ಸೋಮವಾರ ಕೊಟೇಶನ್ ಕೇಳ್ತೀನಿ.