ಮಳೆಗಾಲದೊಳಗೆ ಪ್ರತಿ ಶಾಲೆಗೂ ಒಂದು ಇನ್ಹೇಲರ್ ಬರಲಿ

ಮಾನ್ಯ ಸಂಪಾದಕರೇ,

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮ ಕಡೆ ಜೂನ್ ಬಂತೆಂದರೆ ಮಕ್ಕಳ ಕೆಮ್ಮಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಮಳೆಗಾಲ ಅಲ್ವಾ, ಶೀತ ಆಗಿದೆ, ಕಷಾಯ ಕೊಡಿ’ ಅನ್ನುತ್ತೇವೆ. ನಾನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಆದರೆ ನನ್ನ ಮಗಳಿಗೆ ಇದ್ದದ್ದು ಅಸ್ತಮಾ.

ಮಗಳಿಗೆ ಆಗ ಆರು ವರ್ಷ. ಹಗಲು ಚೆನ್ನಾಗಿಯೇ ಇರುತ್ತಿದ್ದಳು. ರಾತ್ರಿ ಎರಡು ಮೂರು ಗಂಟೆಗೆ ಎದ್ದು ಕೂತು ಕೆಮ್ಮುತ್ತಿದ್ದಳು. ಒಣ ಕೆಮ್ಮು, ಜ್ವರ ಇಲ್ಲ. ಓಡಿದರೆ ಕೆಮ್ಮು, ಜೋರಾಗಿ ನಕ್ಕರೂ ಕೆಮ್ಮು. ಹತ್ತಿರದ ಕ್ಲಿನಿಕ್ಕಿಗೆ ಹೋದಾಗಲೆಲ್ಲ ಒಂದು ಸಿರಪ್, ಒಂದು ಆ್ಯಂಟಿಬಯಾಟಿಕ್. ಒಂದು ವಾರ ಕಡಿಮೆ, ಮತ್ತೆ ಶುರು.

ಅಡಿಕೆ ಗೊನೆ ಕೊಯ್ಲಿನ ಸಮಯ. ಅಂಗಳದಲ್ಲಿ ಅಡಿಕೆ ಬೇಯಿಸುತ್ತಿದ್ದೆವು, ಹಂಡೆಯ ಒಲೆಯ ಹೊಗೆ ಇಬ್ಬನಿಯ ಜೊತೆ ಮನೆ ತುಂಬಾ ನಿಂತಿತ್ತು. ಆ ರಾತ್ರಿ ಮಗಳು ಮಲಗಲೇ ಇಲ್ಲ. ದೀಪ ಹಾಕಿ ಅಂಗಿ ಎತ್ತಿ ನೋಡಿದೆ. ಒಂದೊಂದು ಉಸಿರಿಗೂ ಪಕ್ಕೆಲುಬಿನ ಸಂದಿಯ ಚರ್ಮ ಒಳಗೆ ಎಳೆದುಕೊಳ್ಳುತ್ತಿತ್ತು. ಬೆನ್ನಿಗೆ ಕಿವಿ ಇಟ್ಟರೆ ಕೊಳಲಿನ ಹಾಗೆ ಸಣ್ಣ ಸುಯ್ ಸುಯ್ ಸದ್ದು. ‘ಅಮ್ಮಾ ನೀರು’ ಎನ್ನುವ ಎರಡು ಮಾತಿನ ನಡುವೆ ಉಸಿರು ತೆಗೆದುಕೊಂಡಳು. ಜೀಪು ಮಾಡಿಕೊಂಡು ಪೇಟೆಯ ಆಸ್ಪತ್ರೆಗೆ ಓಡಿದೆವು.

ಅಲ್ಲಿನ ಡಾಕ್ಟರು ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಹಾಕಿಸಿ, ಆಮೇಲೆ ನಿಧಾನವಾಗಿ ಕೇಳಿದರು. ಕೆಮ್ಮು ರಾತ್ರಿ ಜಾಸ್ತಿಯಾ? ಆಡಿದಾಗ ಬರುತ್ತಾ? ಮನೆಯಲ್ಲಿ ಯಾರಿಗಾದರೂ ಉಬ್ಬಸ, ಮೂಗಿನ ಅಲರ್ಜಿ, ಚರ್ಮದ ತುರಿಕೆ ಇದೆಯಾ? ಎಲ್ಲಕ್ಕೂ ಹೌದು ಅಂದೆ. ಇದು ಅಸ್ತಮಾ ಅಂದರು. ಈ ಪ್ರಶ್ನೆಗಳನ್ನು ಎರಡು ವರ್ಷದಲ್ಲಿ ನಮಗೆ ಯಾರೂ ಕೇಳಿರಲಿಲ್ಲ.

ಅಸ್ತಮಾದಲ್ಲಿ ಶ್ವಾಸನಾಳಗಳ ಒಳಗೋಡೆ ಊದಿಕೊಂಡಿರುತ್ತದೆ. ಧೂಳು, ಹೊಗೆ, ಬೂಸ್ಟು, ನೆಗಡಿ, ತಣ್ಣನೆ ಗಾಳಿ, ಯಾವುದಾದರೂ ಸೋಕಿದರೆ ನಾಳ ಬಿಗಿಯಾಗುತ್ತದೆ. ದೊಡ್ಡವರಿಗೆ, ಸ್ವಲ್ಪ ದೊಡ್ಡ ಮಕ್ಕಳಿಗೆ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಮಾಡುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಸರಿಯಾಗಿ ಊದಲು ಬರುವುದಿಲ್ಲ. ಆಗ ಡಾಕ್ಟರಿಗೆ ತಾಯಿ ಹೇಳುವ ಮಾತೇ ಮುಖ್ಯ. ಅದಕ್ಕೇ ಕೆಮ್ಮು ಯಾವಾಗ ಬಂತು, ಏನು ಮಾಡುವಾಗ ಬಂತು ಅಂತ ಕ್ಯಾಲೆಂಡರಿನ ಮೇಲಾದರೂ ಬರೆದಿಡಿ.

ಒತ್ತಿ ಉಸಿರಿನ ಜೊತೆ ಔಷಧಿ ಎಳೆದುಕೊಳ್ಳುವ ಇನ್ಹೇಲರ್ ಬರೆದುಕೊಟ್ಟಾಗ ಮನೆಯಲ್ಲಿ ದೊಡ್ಡ ಗಲಾಟೆ. ‘ಪಂಪ್ ಹಚ್ಚಿಸಿದರೆ ಸಾಯೋವರೆಗೂ ಬಿಡಿಸಕ್ಕಾಗಲ್ಲ’ ಅಂದರು ಒಬ್ಬರು. ‘ಹೆಣ್ಣು ಮಗು, ನಾಳೆ ಸಂಬಂಧ ನೋಡುವಾಗ ಏನು ಹೇಳ್ತೀಯಾ’ ಅಂದರು ಇನ್ನೊಬ್ಬರು. ಆ ಮಾತು ಕೇಳಿ ನಾನೂ ಒಂದು ತಿಂಗಳು ಅದನ್ನು ಅಲಮಾರಿಯಲ್ಲಿ ಮುಚ್ಚಿಟ್ಟೆ. ಇವತ್ತಿಗೂ ಅದಕ್ಕೆ ಸಂಕಟವಾಗುತ್ತದೆ.

ಆಮೇಲೆ ಡಾಕ್ಟರು ಒಂದು ಲೆಕ್ಕ ಹೇಳಿದರು. ಸಾಲ್ಬುಟಮಾಲ್ ಸಿರಪ್ 5 ಮಿ.ಲೀ. ಕುಡಿಸಿದರೆ 2 ಮಿಲಿಗ್ರಾಂ ಔಷಧಿ ಹೊಟ್ಟೆಗೆ ಹೋಗಿ ಮೈಗೆಲ್ಲ ಹರಡುತ್ತದೆ. ಅದಕ್ಕೇ ಮಗುವಿನ ಕೈ ನಡುಗುವುದು, ಎದೆ ಡವಡವ ಅನ್ನುವುದು. ಅದೇ ಔಷಧಿಯ ಇನ್ಹೇಲರಿನ ಒಂದು ಪಫ್‌ನಲ್ಲಿ (ಒಂದು ಸಲ ಒತ್ತಿದರೆ) ಇರುವುದು 100 ಮೈಕ್ರೋಗ್ರಾಂ, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಅದೂ ಬೇಕಾದ ಜಾಗಕ್ಕೇ ಹೋಗುತ್ತದೆ. ನಾವು ಸಿರಪ್‌ಗೆ ಹೆದರಲಿಲ್ಲ, ಇದಕ್ಕೆ ಹೆದರಿದೆವು! ಇದು ಚಟ ಹಿಡಿಸುವ ಔಷಧಿಯಲ್ಲ. ಬಿ.ಪಿ. ಮಾತ್ರೆ ದಿನಾ ತೆಗೆದುಕೊಳ್ಳುವವರಿಗೆ ಚಟ ಅಂತ ಯಾರಾದರೂ ಅನ್ನುತ್ತಾರಾ?

ಸಾಲ್ಬುಟಮಾಲ್ ಒಂದಿದ್ದರೆ ಸಾಕು ಅನ್ನುವ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅದು ಬಿಗಿದ ನಾಳವನ್ನು ಆ ಹೊತ್ತಿಗೆ ಸಡಿಲ ಮಾಡುತ್ತದೆ, ಅಷ್ಟೇ. ಒಳಗಿನ ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಇನ್ಹೇಲರ್. ಸ್ಟೀರಾಯ್ಡ್ ಅಂದ ಕೂಡಲೇ ಗಾಬರಿ ಬೇಡ, ಪ್ರಮಾಣ ತುಂಬಾ ಸಣ್ಣದು. ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಆರಾಮಾಗಿದ್ದಾಗಲೂ ಡಾಕ್ಟರು ಹೇಳುವವರೆಗೆ ಬಿಡಬಾರದು. ದೊಡ್ಡವರು, ಹದಿಹರೆಯದವರು ಬರೀ ಸಾಲ್ಬುಟಮಾಲ್ ನಂಬಿಕೊಂಡು ಇರುವುದು ಸರಿಯಲ್ಲ ಅಂತ ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಲ್ಲೇ ಹೇಳಿದೆ.

ಸ್ಪೇಸರ್ ಇಲ್ಲದೆ ಮಕ್ಕಳಿಗೆ ಇನ್ಹೇಲರ್ ಕೊಟ್ಟರೆ ಔಷಧಿಯ ಹೆಚ್ಚಿನ ಪಾಲು ಗಂಟಲಲ್ಲೇ ಕೂರುತ್ತದೆ. ಸ್ಪೇಸರ್ ಅಂದರೆ ಒಂದು ಟೊಳ್ಳು ಡಬ್ಬಿ. ಚಿಕ್ಕ ಮಕ್ಕಳಿಗೆ ಅದರ ತುದಿಗೆ ಮಾಸ್ಕ್ ಬರುತ್ತದೆ. ಇನ್ಹೇಲರ್ ಅಲ್ಲಾಡಿಸಿ, ಒಂದು ಪಫ್ ಒತ್ತಿ, ಮಗು ನಾಲ್ಕೈದು ಸಲ ಸುಮ್ನೆ ಉಸಿರಾಡಿದರೆ ಸಾಕು. ಸ್ಪೇಸರ್ ಸಿಗದ ಕಡೆ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್ಹೇಲರ್ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಸಂದಿ ಮುಚ್ಚಿ ಬಳಸಿದರೂ ಕೆಲಸ ಮಾಡುತ್ತದೆ.

ಮಗಳ ಕಾಯಿಲೆ ಗೊತ್ತಾದ ಮೇಲೆ ನಮ್ಮ ಅತ್ತೆಯವರನ್ನೂ ತೋರಿಸಿದೆವು. ಬಚ್ಚಲ ಒಲೆ ಉರಿ ಹಾಕಿದ ಬೆಳಿಗ್ಗೆಯೆಲ್ಲ ಅವರಿಗೆ ಎದೆ ಬಿಗಿತ. ‘ವಯಸ್ಸಾಯ್ತಲ್ಲ’ ಅಂತ ಅವರೇ ಸುಮ್ಮನಿದ್ದರು. ಒಮ್ಮೆ ಊದಿಸಿ, ಇನ್ಹೇಲರ್ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಿದಾಗ ಊದುವ ಅಳತೆ ಚೆನ್ನಾಗಿ ಏರಿತು, ಅವರಿಗೂ ಅಸ್ತಮಾ ಅಂತ ಗೊತ್ತಾಯಿತು. ಅಸ್ತಮಾ ಯಾವ ವಯಸ್ಸಿನಲ್ಲೂ ಶುರುವಾಗಬಹುದಂತೆ. ಈಗ ಅತ್ತೆಯೇ ಮೊಮ್ಮಗಳಿಗೆ ಹೊತ್ತು ನೋಡಿ ಪಫ್ ನೆನಪಿಸುತ್ತಾರೆ. ಅಡಿಕೆ ಬೇಯಿಸುವ ಒಲೆಯನ್ನು ಮನೆಯಿಂದ ದೂರ ಹಾಕಿದ್ದೇವೆ. ಬಿಸಿಲು ಕಂಡ ದಿನ ಕಂಬಳಿ, ಹಾಸಿಗೆ ಹೊರಗೆ ಹಾಕುತ್ತೇವೆ. ಮಗಳು ಕೊಕ್ಕೊ ಆಡುತ್ತಾಳೆ.

ಮಾತಾಡಲು ಆಗದಷ್ಟು ಏದುಸಿರು, ತುಟಿ ನೀಲಿ, ಪಕ್ಕೆ ಒಳಗೆ ಎಳೆಯುವುದು ಕಂಡರೆ ಕಾಯಬೇಡಿ. ಸ್ಪೇಸರಿನಲ್ಲಿ ಸಾಲ್ಬುಟಮಾಲ್ ಒಂದೊಂದೇ ಪಫ್‌ನಂತೆ ನಾಲ್ಕು ಕೊಟ್ಟು 108ಕ್ಕೆ ಫೋನ್ ಮಾಡಿ. ನೆಟ್‌ವರ್ಕ್ ಸಿಗದಿದ್ದರೆ ಸಿಕ್ಕ ಗಾಡಿ ಹತ್ತಿ. ಸುಯ್ ಸದ್ದು ನಿಂತಿತು ಅಂತ ಸಮಾಧಾನ ಪಡಬೇಡಿ, ಗಾಳಿಯೇ ಆಡದಿದ್ದಾಗಲೂ ಸದ್ದು ನಿಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಅಸ್ತಮಾದಿಂದ ಸತ್ತವರು ಸುಮಾರು 4.55 ಲಕ್ಷ ಜನ. ಹೆಚ್ಚಿನವರು ಕಾಯಿಲೆ ಗುರುತಾಗದ, ಔಷಧಿ ಸಿಗದ ಬಡ ಮತ್ತು ಕೆಳ ಮಧ್ಯಮ ಆದಾಯದ ದೇಶಗಳವರು. ಸಾಲ್ಬುಟಮಾಲ್, ಬುಡೆಸೊನೈಡ್ ಎರಡೂ ಇನ್ಹೇಲರ್‌ಗಳು ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇವೆ. ಆದರೆ ರಸ್ತೆ ಕೊಚ್ಚಿಹೋದ ದಿನ ಪಟ್ಟಿ ಇಟ್ಟುಕೊಂಡು ಏನು ಮಾಡೋಣ?

ಮಗಳ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಆಟದ ಪಿರಿಯಡ್ ಬಂದರೆ ಕೆಮ್ಮುತ್ತಾ ಕಟ್ಟೆಯ ಮೇಲೆ ಕೂರುತ್ತಾನೆ. ‘ಅವನಿಗೆ ಕಫ’ ಅನ್ನುತ್ತಾರೆ. ಇಂಥ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡೂ ಇನ್ಹೇಲರ್, ಸ್ಪೇಸರ್ ಇರಲಿ. ಪ್ರತಿ ಶಾಲೆಗೂ ಒಂದು ಇನ್ಹೇಲರ್ ಬರಲಿ. ಆಶಾ ಕಾರ್ಯಕರ್ತೆಯರಿಗೆ, ಶಾಲೆಗೊಬ್ಬ ಶಿಕ್ಷಕರಿಗೆ ಅದನ್ನು ಕೊಡುವ ರೀತಿ ಕಲಿಸಲಿ. ಅರ್ಧ ದಿನದ ಕೆಲಸ. ಜಿಲ್ಲಾ ಆರೋಗ್ಯ ಇಲಾಖೆಯವರು ಶಾಲೆ ಶುರುವಾಗುವ ಮೊದಲೇ ಇದನ್ನು ಮಾಡಿಸಬೇಕು ಅಂತ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

— ಒಬ್ಬ ತಾಯಿ, ಹೊಸನಗರ ತಾಲ್ಲೂಕು